ಬಾಕ್ಸಿಂಗ್‌ನಲ್ಲಿ ಹೊಡೆತದ ವೇಗವನ್ನು ಹೆಚ್ಚಿಸಿಕೊಳ್ಳುವ ಅಭ್ಯಾಸಕ್ರಮ

ಬಾಕ್ಸಿಂಗ್ ನೋಡುವವರು ‘ಕೈವೇಗ’ ಎಂದು ಒಂದೇ ಮಾತಿನಲ್ಲಿ ಕರೆಯುವುದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಾಮರ್ಥ್ಯಗಳು ಸೇರಿಕೊಂಡಿವೆ. ಎದುರಾಳಿಯ ಗಾರ್ಡಿನಲ್ಲಿ (ಮುಖ ಮತ್ತು ದೇಹವನ್ನು ಕಾಯಲು ಎತ್ತಿಹಿಡಿದ ಕೈಗಳಲ್ಲಿ) ತೆರವು ಕಂಡೊಡನೆ ಹೊಡೆಯಲು ನಿರ್ಧರಿಸುವುದು ಮೊದಲನೆಯದು. ನಿರ್ಧಾರವಾದ ಮೇಲೆ ಮುಷ್ಟಿ ಹೊರಟು ಗುರಿಯನ್ನು ಮುಟ್ಟುವುದು ಎರಡನೆಯದು. ಮುಟ್ಟಿದ ಕೈ ಹೋದ ದಾರಿಯಲ್ಲೇ ಗಲ್ಲದ ಬಳಿಗೆ ಮರಳುವುದು ಮೂರನೆಯದು. ಒಂದು ಹೊಡೆತದಿಂದ ಮುಂದಿನ ಹೊಡೆತಕ್ಕೆ ತಡೆಯಿಲ್ಲದೆ ಸಾಗುವುದು ನಾಲ್ಕನೆಯದು. ಇವುಗಳಲ್ಲಿ ಒಂದನ್ನು ಬೆಳೆಸುವ ಅಭ್ಯಾಸ ಮತ್ತೊಂದನ್ನೂ ಬೆಳೆಸುತ್ತದೆ ಎಂದು ನಂಬಲಾಗದು. ತೂಗುಹಾಕಿದ ಹೊಡೆತದ ಬ್ಯಾಗಿನ ಮುಂದೆ ಬಹಳ ಚುರುಕಾಗಿ ಕೈ ಓಡಿಸುವ ಆಟಗಾರ, ಜೊತೆಗಾರನೊಂದಿಗಿನ ಅಭ್ಯಾಸದ ಕಾದಾಟವಾದ ಸ್ಪಾರಿಂಗಿಗೆ ಇಳಿದೊಡನೆ ನಿಧಾನವಾಗಿ ಕಂಡರೆ ಅವನಿಗೆ ಇನ್ನಷ್ಟು ಬ್ಯಾಗ್ ಅಭ್ಯಾಸ ಕೊಟ್ಟು ಪ್ರಯೋಜನವಿಲ್ಲ. ಅವನ ಕೊರತೆ ಇರುವುದು ಮೊದಲನೆಯ ಸಾಮರ್ಥ್ಯದಲ್ಲಿ. ಆದ್ದರಿಂದ ಅಭ್ಯಾಸಗಳನ್ನು ಆರಿಸಿಕೊಳ್ಳುವ ಮುನ್ನ ತಾನು ಎಲ್ಲಿ ತಡವಾಗುತ್ತಿದ್ದೇನೆ ಎಂಬುದನ್ನು ಗುರುತಿಸಿಕೊಳ್ಳಬೇಕು.

ನಿರೀಕ್ಷಿತವಾದ ಒಂದೇ ದೀಪ ಬೆಳಗಿದಾಗ ಅದನ್ನು ಕಂಡು ಕೈ ಅಲುಗಿಸಲು ಸಾಮಾನ್ಯ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ತರಬೇತಿ ಪಡೆದ ಬಾಕ್ಸರ್‌ನ ನೇರ ಹೊಡೆತದಲ್ಲಿ ಮುಷ್ಟಿಯ ವೇಗ ಸೆಕೆಂಡಿಗೆ ಸುಮಾರು 6ರಿಂದ 10 ಮೀಟರ್ ಇರುವುದರಿಂದ, ಹತ್ತಿರದ ಅಂತರದಲ್ಲಿ ಹೊರಟ ಜ್ಯಾಬನ್ನು (ಮುಂದಿನ ಕೈಯ ನೇರ ಹೊಡೆತವನ್ನು) ಕಂಡ ಮೇಲೆ ತಪ್ಪಿಸಿಕೊಳ್ಳಲು ಎದುರಾಳಿಗೆ ಸಮಯವೇ ಉಳಿಯುವುದಿಲ್ಲ. ಆದರೂ ಒಳ್ಳೆಯ ಆಟಗಾರರು ಜ್ಯಾಬನ್ನು ದಿನವೂ ತಪ್ಪಿಸಿಕೊಳ್ಳುತ್ತಾರೆ. ಅವರು ನೋಡುವುದು ಮುಷ್ಟಿಯನ್ನಲ್ಲ. ಮುಷ್ಟಿ ಹೊರಡುವ ಮುನ್ನ ಏರುವ ಭುಜ, ಅಗಲವಾಗುವ ಮೊಣಕೈ, ಬಿಗಿಯಾಗುವ ದವಡೆ, ಹಿಂದಕ್ಕೆ ಸರಿಯುವ ಕೈ ಇವನ್ನು. ಇಂಥ ಮುನ್ಸೂಚನೆಯೊಂದು 0.1 ಸೆಕೆಂಡಿನಷ್ಟು ಮೊದಲೇ ಸುಳಿವು ಕೊಟ್ಟರೆ ವರ್ಷಗಟ್ಟಲೆ ವ್ಯಾಯಾಮದಿಂದ ಗಳಿಸಿದ ವೇಗವೆಲ್ಲ ಅದರಲ್ಲಿ ಕಳೆದುಹೋಗುತ್ತದೆ. ಹೀಗಾಗಿ ಈ ಕ್ರಮದಲ್ಲಿ ಮೊದಲ ಸ್ಥಾನ ಸಿಗುವುದು ಈಗಾಗಲೇ ಇರುವ ವೇಗವನ್ನು ತಿನ್ನುತ್ತಿರುವ ಬಿಗಿತ, ಮುನ್ಸೂಚನೆ ಮತ್ತು ಬಳಸುದಾರಿಗಳನ್ನು ತೆಗೆದುಹಾಕುವ ಕೆಲಸಕ್ಕೆ. ಬಲ ಹೆಚ್ಚಿಸುವ ವ್ಯಾಯಾಮಗಳು ಅದರ ನಂತರ ಬರುತ್ತವೆ.

ಬಿಗಿತವನ್ನು ಬಿಡಿಸುವುದು

ಮೊಣಕೈಯನ್ನು ನೇರಗೊಳಿಸುವ ಕೆಲಸ ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯುವಿನದು, ಅದನ್ನು ಮಡಿಸುವ ಕೆಲಸ ಮುಂಬದಿಯ ಬೈಸೆಪ್ಸ್‌ನದು. ಮುಷ್ಟಿಯನ್ನು ಮೊದಲಿನಿಂದಲೂ ಬಿಗಿಹಿಡಿದು, ಭುಜವನ್ನು ಕಿವಿಯತ್ತ ಎತ್ತಿಕೊಂಡು, ‘ಜೋರಾಗಿ ಹೊಡೆಯಬೇಕು’ ಎಂಬ ಹಟದಿಂದ ಕೈಬೀಸುವವನಲ್ಲಿ ಎರಡೂ ಸ್ನಾಯುಗಳು ಒಟ್ಟಿಗೆ ಬಿಗಿಯುತ್ತವೆ. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ ಹಾಗೆ, ಹಾಕಿದ ಶ್ರಮದ ಒಂದು ಪಾಲು ತನ್ನನ್ನು ತಾನೇ ತಡೆಯುವುದರಲ್ಲಿ ಮುಗಿಯುತ್ತದೆ. ನುರಿತ ಹೊಡೆತಗಾರರ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ ಎರಡು ಏರುಗಳು ಕಾಣಿಸಿಕೊಳ್ಳುತ್ತವೆ: ಹೊಡೆತ ಹೊರಡುವಾಗ ಒಂದು, ಮುಷ್ಟಿ ಗುರಿಗೆ ತಗಲುವಾಗ ಇನ್ನೊಂದು. ನಡುವಿನ ಅಲ್ಪಾವಧಿಯಲ್ಲಿ ಸ್ನಾಯು ಸಡಿಲಗೊಂಡು ಕೈ ತನ್ನ ವೇಗದಲ್ಲೇ ಸಾಗುತ್ತದೆ. ಹೊಸಬರು ಕಲಿಯಬೇಕಾದದ್ದು ಮುಖ್ಯವಾಗಿ ಈ ನಡುವಿನ ಸಡಿಲಿಕೆಯನ್ನು.

ಇದಕ್ಕೆ ಅಭ್ಯಾಸ ಸರಳವಾದದ್ದೇ, ಆದರೆ ತಾಳ್ಮೆ ಬೇಕು. ಕನ್ನಡಿಯ ಮುಂದೆ ನಿಂತು, ಪೂರ್ಣ ವೇಗದ ಮೂರನೆಯ ಒಂದು ಪಾಲಿನಷ್ಟು ನಿಧಾನವಾಗಿ, ಕೈಬೆರಳುಗಳನ್ನು ಅರ್ಧ ಮುಚ್ಚಿಕೊಂಡು ಜ್ಯಾಬ್ ಮತ್ತು ಹಿಂದಿನ ಕೈಯ ನೇರ ಹೊಡೆತವಾದ ಕ್ರಾಸ್‌ಗಳನ್ನು ಚಾಚಬೇಕು. ಚಾಚು ಮುಗಿಯುವ ಹಂತದಲ್ಲಿ ಮಾತ್ರ ಮುಷ್ಟಿಯನ್ನು ಮುಚ್ಚಿ, ಅದೇ ಕ್ಷಣಕ್ಕೆ ಮೂಗಿನಿಂದ ಇಲ್ಲವೇ ಹಲ್ಲುಗಳ ನಡುವಿನಿಂದ ಚಿಕ್ಕದಾಗಿ ಉಸಿರು ಬಿಟ್ಟು, ಕೂಡಲೇ ಮತ್ತೆ ಸಡಿಲಗೊಳಿಸಿ ಕೈಯನ್ನು ಹಿಂದಕ್ಕೆ ತರಬೇಕು. ಉಸಿರು ಬಿಡುವುದನ್ನು ಕೋಚ್‌ಗಳು ಒತ್ತಿ ಹೇಳುವುದಕ್ಕೆ ಕಾರಣವಿದೆ: ಉಸಿರು ಹಿಡಿದವನ ಎದೆ ಮತ್ತು ಕುತ್ತಿಗೆ ತಾವಾಗಿಯೇ ಬಿಗಿಯುತ್ತವೆ, ಮೂರನೆಯ ಹೊಡೆತದ ಹೊತ್ತಿಗೆ ಆ ಬಿಗಿತ ಭುಜಕ್ಕೆ ಇಳಿದಿರುತ್ತದೆ. ಒಂದು ಸುತ್ತು ನಿಧಾನ, ಮತ್ತೊಂದು ಸುತ್ತು ಅರ್ಧ ವೇಗ, ಅದೂ ಸಲೀಸಾದ ಮೇಲೆ ಮುಕ್ಕಾಲು ವೇಗ ಎಂದು ಏರಿಸುತ್ತ ಹೋಗಿ, ಭುಜ ಮೇಲೇರಿದ್ದು ಕಂಡ ಕೂಡಲೇ ಒಂದು ಹಂತ ಕೆಳಗಿಳಿಯಬೇಕು.

ದಾರಿಯನ್ನು ನೇರಗೊಳಿಸುವುದು ಮತ್ತು ಅಳೆಯುವುದು

ನೇರ ಹೊಡೆತದಲ್ಲಿ ಮೊಣಕೈ ಹೊರಕ್ಕೆ ಚಾಚಿಕೊಂಡರೆ ಮುಷ್ಟಿ ಕಮಾನಿನ ದಾರಿ ಹಿಡಿಯುತ್ತದೆ. ದೂರವೂ ಹೆಚ್ಚು, ಕಾಣುವುದೂ ಬೇಗ. ಗೋಡೆಯನ್ನು ಪಕ್ಕಕ್ಕಿಟ್ಟುಕೊಂಡು, ಮುಂದಿನ ಕೈಯ ಮೊಣಕೈಗೂ ಗೋಡೆಗೂ ಒಂದು ಗೇಣಿಗಿಂತ ಕಡಿಮೆ ಅಂತರವಿರುವಂತೆ ನಿಂತು ಜ್ಯಾಬ್ ಹೊಡೆಯುವುದು ಇದಕ್ಕೆ ಹಳೆಯ ಮದ್ದು. ಮೊಣಕೈ ಹೊರಗೆ ಹೋದಾಗಲೆಲ್ಲ ಗೋಡೆ ತಾಗಿ ಎಚ್ಚರಿಸುತ್ತದೆ. ಹಿಂದಿನ ಕೈಗೂ ಹೀಗೆಯೇ ಮಾಡಬೇಕು. ಜ್ಯಾಬಿನಲ್ಲಿ ದೇಹದ ಉಳಿದ ಭಾಗಕ್ಕಿಂತ ಮೊದಲು ಮುಷ್ಟಿ ಹೊರಡಬೇಕು, ಪಾದ ಮತ್ತು ಭುಜಗಳು ಅದರ ಬೆನ್ನಿಗೆ ಬರಬೇಕು. ಗಾರ್ಡಿನಿಂದ ಕೈಯನ್ನು ಸ್ವಲ್ಪ ಕೆಳಗಿಳಿಸಿ ಅಥವಾ ಹಿಂದಕ್ಕೆಳೆದು ಹೊಡೆಯುವ ಚಾಳಿ ಬಹುತೇಕ ಎಲ್ಲರಲ್ಲೂ ಇರುತ್ತದೆ, ಮತ್ತು ಬಹುತೇಕ ಯಾರೂ ತಮ್ಮಲ್ಲಿ ಅದಿದೆ ಎಂದು ಒಪ್ಪುವುದಿಲ್ಲ.

ಒಪ್ಪಿಸುವ ಕೆಲಸವನ್ನು ಮೊಬೈಲ್ ಫೋನ್ ಮಾಡುತ್ತದೆ. ಈಗಿನ ಅನೇಕ ಫೋನ್‌ಗಳ ಸ್ಲೋ ಮೋಷನ್ ಕ್ಯಾಮೆರಾ ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯುತ್ತದೆ, ಎಂದರೆ ಒಂದೊಂದು ಚಿತ್ರದ ನಡುವಿನ ಅಂತರ ಸುಮಾರು 4 ಮಿಲಿಸೆಕೆಂಡ್. ಎದೆಯ ಎತ್ತರದಲ್ಲಿ, ಪಕ್ಕದಿಂದ, ಅಲುಗಾಡದಂತೆ ಫೋನನ್ನು ನಿಲ್ಲಿಸಿ, ವಿಶ್ರಾಂತಿ ಪಡೆದ ಸ್ಥಿತಿಯಲ್ಲಿ ಹತ್ತು ಜ್ಯಾಬ್ ಮತ್ತು ಹತ್ತು ಕ್ರಾಸ್‌ಗಳನ್ನು ಚಿತ್ರೀಕರಿಸಿಕೊಂಡು, ದೇಹದ ಯಾವುದೇ ಭಾಗ ಮೊದಲು ಅಲುಗಿದ ಚಿತ್ರದಿಂದ ಕೈ ಪೂರ್ತಿ ಚಾಚಿದ ಚಿತ್ರದವರೆಗೆ ಎಣಿಸಬೇಕು. ಅಲ್ಲಿಂದ ಕೈ ಗಲ್ಲಕ್ಕೆ ಮರಳುವವರೆಗಿನ ಚಿತ್ರಗಳನ್ನು ಬೇರೆಯಾಗಿ ಎಣಿಸಬೇಕು. ಎಣಿಕೆಯನ್ನು ಮುಷ್ಟಿ ಅಲುಗಿದಲ್ಲಿಂದ ಆರಂಭಿಸದೆ ದೇಹ ಅಲುಗಿದಲ್ಲಿಂದ ಆರಂಭಿಸುವುದೇ ಇಲ್ಲಿನ ಮುಖ್ಯ ಅಂಶ, ಏಕೆಂದರೆ ಎದುರಾಳಿಯೂ ಅಲ್ಲಿಂದಲೇ ಎಣಿಸುತ್ತಾನೆ. ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಗ್ಲೌಸಿನಲ್ಲಿ ಮತ್ತೆ ಅಳೆದು ಬರೆದಿಟ್ಟುಕೊಂಡರೆ, ಯಾವ ಅಭ್ಯಾಸ ಫಲ ಕೊಡುತ್ತಿದೆ ಎಂಬುದರ ಬಗ್ಗೆ ಊಹೆಗೆ ಅವಕಾಶವಿರುವುದಿಲ್ಲ.

ಅಳತೆಯಲ್ಲಿ ಹೆಚ್ಚಿನವರನ್ನು ಬೆರಗುಗೊಳಿಸುವುದು ಕೈ ಮರಳುವ ಸಮಯ. ಹೊಡೆದ ಕೈ ಗುರಿಯ ಮೇಲೆ ಒಂದು ಕ್ಷಣ ತಂಗಿ, ಕೆಳಗಿಳಿದು, ಸೊಂಟದ ಕಡೆಯಿಂದ ಸುತ್ತಿ ಬರುವುದು ಸಾಮಾನ್ಯ. ಹೀಗಾದಾಗ ಮುಂದಿನ ಹೊಡೆತ ತಡವಾಗುವುದರ ಜೊತೆಗೆ ಗಲ್ಲವೂ ತೆರೆದಿರುತ್ತದೆ. ‘ಹೊಡೆ’ ಎಂದು ಯೋಚಿಸದೆ ‘ಎಳೆದುಕೋ’ ಎಂದು ಯೋಚಿಸುತ್ತ ಅಭ್ಯಾಸ ಮಾಡಿದರೆ, ಅಂದರೆ ಚಾಚುವುದಕ್ಕಿಂತ ಮರಳುವುದು ವೇಗವಾಗಿರಲಿ ಎಂಬ ಗುರಿಯಿಟ್ಟುಕೊಂಡರೆ, ಕೆಲವೇ ವಾರಗಳಲ್ಲಿ ಒಂದರ ಬೆನ್ನಿಗೊಂದು ಬರುವ ಹೊಡೆತಗಳ ಸರಣಿಗಳಾದ ಕಾಂಬಿನೇಷನ್‌ಗಳು ಬಿಗಿಯಾಗುತ್ತವೆ.

ನೆಲದಿಂದ ಮುಷ್ಟಿಯವರೆಗೆ

ಕ್ರಾಸ್ ಮತ್ತು ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಹುಕ್‌ಗಳ ವೇಗ ತೋಳಿನಲ್ಲಿ ಹುಟ್ಟುವುದಿಲ್ಲ. ಕ್ರಾಸ್‌ನಲ್ಲಿ ಹಿಂದಿನ ಪಾದದ ಮುಂಭಾಗ ನೆಲವನ್ನು ಒತ್ತುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಸೊಂಟ ತಿರುಗಿ ನಿಂತೊಡನೆ ಮುಂಡ ಅದನ್ನು ಹಿಂಬಾಲಿಸುತ್ತದೆ, ಭುಜ ಮುಂದಕ್ಕೆ ಬರುತ್ತದೆ, ಕೊನೆಗೆ ಮೊಣಕೈ ಬಿಚ್ಚಿಕೊಳ್ಳುತ್ತದೆ. ಪ್ರತಿಯೊಂದು ಭಾಗವೂ ಹಿಂದಿನದು ಗಳಿಸಿದ ವೇಗದ ಮೇಲೆ ತನ್ನದನ್ನು ಸೇರಿಸುತ್ತದೆ. ಅನುಭವಿ ಬಾಕ್ಸರ್‌ಗಳ ಹೊಡೆತದಲ್ಲಿ ಕಾಲಿನ ಪಾಲು ಹೊಸಬರಿಗಿಂತ ಗಣನೀಯವಾಗಿ ಹೆಚ್ಚಿರುತ್ತದೆ. ಭಾರವೆಲ್ಲ ಮುಂದಿನ ಕಾಲಿನ ಮೇಲೆ ಬಿದ್ದಿದ್ದರೆ ಅಥವಾ ಪಾದಗಳು ಒಂದೇ ಗೆರೆಯ ಮೇಲಿದ್ದರೆ ಸೊಂಟ ತಿರುಗಲು ಜಾಗವೇ ಇರುವುದಿಲ್ಲ, ಆಗ ಕೈ ಒಂಟಿಯಾಗಿ ಕೆಲಸ ಮಾಡಬೇಕಾಗುತ್ತದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಸೊಂಟವನ್ನಷ್ಟೇ ಎಡಕ್ಕೂ ಬಲಕ್ಕೂ ಚುರುಕಾಗಿ ತಿರುಗಿಸುವ ಅಭ್ಯಾಸವನ್ನು ಪ್ರತಿದಿನದ ವಾರ್ಮ್ ಅಪ್‌ಗೆ ಸೇರಿಸಿಕೊಳ್ಳಬಹುದು. ಸ್ಕಿಪ್ಪಿಂಗ್ ಮೀನಖಂಡಗಳಿಗೂ ಲಯಕ್ಕೂ ಒಳ್ಳೆಯದು. ಕೈವೇಗಕ್ಕೆ ಅದರಿಂದ ನೇರವಾಗಿ ಸಿಗುವುದು ಅಷ್ಟಕ್ಕಷ್ಟೆ.

ವೇಗದ ಅಭ್ಯಾಸಕ್ಕೆ ವಿಶ್ರಾಂತಿಯ ಲೆಕ್ಕ

ಪೂರ್ಣ ವೇಗದ ಚಲನೆಗೆ ಸ್ನಾಯುಗಳು ಮುಖ್ಯವಾಗಿ ತಮ್ಮಲ್ಲೇ ಸಂಗ್ರಹವಾಗಿರುವ ಫಾಸ್ಫೊಕ್ರಿಯಾಟಿನ್ ಎಂಬ ಶಕ್ತಿಮೂಲವನ್ನು ಬಳಸುತ್ತವೆ. ಅದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಹುಮಟ್ಟಿಗೆ ಕರಗುತ್ತದೆ, ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷಗಳು ಬೇಕು. ಈ ಒಂದು ಸಂಗತಿಯಿಂದಲೇ ಅಭ್ಯಾಸದ ಸ್ವರೂಪ ನಿರ್ಧಾರವಾಗುತ್ತದೆ: 5ರಿಂದ 8 ಸೆಕೆಂಡ್ ಶಕ್ತಿಮೀರಿ ವೇಗವಾಗಿ ಹೊಡೆದು, ಒಂದರಿಂದ ಎರಡು ನಿಮಿಷ ಪೂರ್ತಿ ವಿಶ್ರಾಂತಿ ಪಡೆದು, ಮತ್ತೆ ಹೊಡೆಯುವುದು, ಹೀಗೆ ಆರರಿಂದ ಎಂಟು ಬಾರಿ. ಕೈ ನಿಧಾನವಾದದ್ದು ಗೊತ್ತಾದೊಡನೆ, ಲೆಕ್ಕ ಮುಗಿದಿರಲಿ ಬಿಡಲಿ, ಆ ದಿನದ ವೇಗದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು.

ಅನೇಕ ಜಿಮ್‌ಗಳಲ್ಲಿ ಬೆಲ್ಲು ಹೊಡೆಯುವ ಮುನ್ನ ಕೊನೆಯ 30 ಸೆಕೆಂಡ್ ಬ್ಯಾಗಿನ ಮೇಲೆ ಎಡೆಬಿಡದೆ ಹೊಡೆಸುವ ರೂಢಿಯಿದೆ, ಮತ್ತು ಅದನ್ನು ವೇಗದ ಅಭ್ಯಾಸ ಎಂದೇ ಕರೆಯುತ್ತಾರೆ. ದಣಿವಿನಲ್ಲೂ ಕೈ ಎತ್ತಿ ಹಿಡಿಯುವ ಸಹಿಷ್ಣುತೆಗೆ ಅದು ಬೇಕಾದದ್ದೇ. ಆದರೆ ಹತ್ತನೆಯ ಸೆಕೆಂಡಿನ ಮೇಲೆ ಅಲ್ಲಿ ನಡೆಯುವುದು ನಿಧಾನವಾದ, ಗಿಡ್ಡವಾದ, ಭುಜ ಎತ್ತಿದ ಹೊಡೆತಗಳ ಪುನರಾವರ್ತನೆ. ನರಮಂಡಲ ಕಲಿಯುವುದೂ ಅವನ್ನೇ. ನಿಜವಾದ ವೇಗದ ಅಭ್ಯಾಸವನ್ನು ವಾರ್ಮ್ ಅಪ್ ಮುಗಿದ ತಕ್ಷಣ, ದೇಹ ತಾಜಾ ಇರುವಾಗ ಮಾಡಿ, ಸಹಿಷ್ಣುತೆಯ ಸುತ್ತುಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಸರಿಯಾದ ಅನುಕ್ರಮ. ಹೊರಗಿನಿಂದ ನೋಡುವವರಿಗೆ ಇಂಥ ಅಭ್ಯಾಸ ಸೋಮಾರಿತನದಂತೆ ಕಾಣುತ್ತದೆ, ಏಕೆಂದರೆ ಅದರ ಹೆಚ್ಚಿನ ಸಮಯ ನಿಂತು ಉಸಿರಾಡುವುದರಲ್ಲೇ ಕಳೆಯುತ್ತದೆ.

ಬ್ಯಾಗ್‌ಗಳು, ಪ್ಯಾಡ್‌ಗಳು

ಹೆವಿ ಬ್ಯಾಗಿನ ಮೇಲೆ ವೇಗಕ್ಕಾಗಿ ಹೊಡೆಯುವಾಗ ಬ್ಯಾಗ್ ದೂರಕ್ಕೆ ತೂಗಾಡಬಾರದು. ತೂಗಾಡಿದರೆ ಮುಷ್ಟಿ ಅದನ್ನು ತಳ್ಳುತ್ತಿದೆ ಎಂದರ್ಥ; ಮುಟ್ಟಿ ಮರಳುವ ಹೊಡೆತಕ್ಕೆ ಬ್ಯಾಗ್ ಇದ್ದಲ್ಲೇ ನಡುಗುತ್ತದೆ, ಸದ್ದೂ ಚಿಕ್ಕದಾಗಿ, ಚಟ್ಟನೆ ಕೇಳುತ್ತದೆ. ಮೇಲೂ ಕೆಳಗೂ ಎಲಾಸ್ಟಿಕ್ ಹಗ್ಗದಿಂದ ಕಟ್ಟಿದ ಡಬಲ್ ಎಂಡ್ ಬ್ಯಾಗ್ ಹೊಡೆದ ಕೂಡಲೇ ವಾಪಸ್ಸು ಬರುವುದರಿಂದ ಅದು ನಿಖರತೆ, ಸಮಯಪ್ರಜ್ಞೆ, ಕೈ ಮರಳುವ ವೇಗ ಮೂರನ್ನೂ ಒಟ್ಟಿಗೆ ಕೇಳುತ್ತದೆ. ಉಪಕರಣಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಇದನ್ನೇ ಆರಿಸುವುದು ಮೇಲು. ಹೆಸರಿನಲ್ಲೇ ವೇಗವಿರುವ, ತಲೆಯ ಎತ್ತರದಲ್ಲಿ ತೂಗುವ ಚಿಕ್ಕ ಸ್ಪೀಡ್ ಬ್ಯಾಗ್ ಲಯಕ್ಕೂ, ಕೈಗಳನ್ನು ಮೇಲೆ ಹಿಡಿದಿರುವ ಭುಜದ ಸಹಿಷ್ಣುತೆಗೂ, ಕಣ್ಣು ಕೈಗಳ ಹೊಂದಾಣಿಕೆಗೂ ನೆರವಾಗುತ್ತದೆ. ಆದರೆ ಅದರ ಮೇಲಿನ ಸಣ್ಣ ವೃತ್ತಾಕಾರದ ಬಡಿತಕ್ಕೂ ಜ್ಯಾಬ್ ಅಥವಾ ಹುಕ್ಕಿನ ಚಲನೆಗೂ ಹೋಲಿಕೆ ಕಡಿಮೆ, ಹಾಗಾಗಿ ಅದರಿಂದಲೇ ಹೊಡೆತ ಚುರುಕಾಗುತ್ತದೆ ಎಂದು ನಿರೀಕ್ಷಿಸಬಾರದು.

ಜೊತೆಗಾರ ಕೈಗೆ ತೊಟ್ಟು ಗುರಿಯಾಗಿ ಹಿಡಿಯುವ ಫೋಕಸ್ ಪ್ಯಾಡ್‌ಗಳ ಉಪಯೋಗ ಹಿಡಿಯುವವರ ಮೇಲೆ ನಿಂತಿದೆ. ಗೊತ್ತಿರುವ ಕಾಂಬಿನೇಷನ್ನನ್ನೇ ಮತ್ತೆ ಮತ್ತೆ ಹೊಡೆಸುತ್ತ, ಬರುವ ಮುಷ್ಟಿಗೆ ಎದುರಾಗಿ ಪ್ಯಾಡನ್ನು ಬಡಿದು ದೊಡ್ಡ ಸದ್ದು ಮಾಡಿಸಿದರೆ ಹೊಡೆಯುವವನಿಗೆ ತಾನು ಬಹಳ ವೇಗವಾಗಿದ್ದೇನೆ ಎಂಬ ಭ್ರಮೆ ಮಾತ್ರ ಬೆಳೆಯುತ್ತದೆ. ಪ್ಯಾಡುಗಳನ್ನು ಎದೆಗೆ ಒತ್ತಿಹಿಡಿದು ಸುತ್ತಾಡುತ್ತ, ಅನಿರೀಕ್ಷಿತವಾಗಿ ಒಂದನ್ನು ಅರ್ಧ ಸೆಕೆಂಡ್ ತೋರಿಸಿ ತೆಗೆದುಬಿಟ್ಟರೆ, ನೋಡಿ ನಿರ್ಧರಿಸಿ ಹೊಡೆಯುವ ಪೂರ್ಣ ಸರಪಳಿ ಅಭ್ಯಾಸವಾಗುತ್ತದೆ. ಆಯ್ಕೆಗಳು ಹೆಚ್ಚಿದಂತೆ ಪ್ರತಿಕ್ರಿಯೆಯ ಸಮಯವೂ ಹೆಚ್ಚುತ್ತದೆ ಎಂಬುದು ಮನೋವಿಜ್ಞಾನದಲ್ಲಿ 1950ರ ದಶಕದಿಂದಲೇ ಗೊತ್ತಿರುವ ನಿಯಮ. ಆದ್ದರಿಂದ ಒಂದೇ ಬಾರಿಗೆ ಹತ್ತು ಬಗೆಯ ಕಾಂಬಿನೇಷನ್‌ಗಳನ್ನು ಬೆರೆಸದೆ, ಒಂದು ಸುಳಿವಿಗೆ ಒಂದು ಉತ್ತರ ಎಂಬಂತೆ ಎರಡರಿಂದ ಆರಂಭಿಸಬೇಕು: ಎದುರಾಳಿಯ ಜ್ಯಾಬ್ ಮರಳುವಾಗ ಕ್ರಾಸ್, ಅವನ ಹಿಂದಿನ ಕೈ ಇಳಿದಾಗ ಮುಂದಿನ ಕೈಯ ಹುಕ್. ಅವು ಯೋಚನೆಯಿಲ್ಲದೆ ಬರುವಂತಾದ ಮೇಲೆ ಮೂರನೆಯದನ್ನು ಸೇರಿಸಬಹುದು.

ಕಸ್ ಡಿ’ಅಮಾಟೊ ಎಂಬ ಹೆಸರಾಂತ ತರಬೇತುದಾರ ಇದೇ ತತ್ವವನ್ನು ಅನುಸರಿಸಿದ್ದ. ಅವನ ಶಿಷ್ಯ ಹೋಸೆ ಟೊರೆಸ್ 1965ರಲ್ಲಿ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ವಿಲ್ಲಿ ಪಾಸ್ಟ್ರಾನೊನನ್ನು ಎದುರಿಸುವ ಮುನ್ನ, ಹಾಸಿಗೆಗಳನ್ನು ಕಟ್ಟಿ ನಿಲ್ಲಿಸಿ, ಅದರ ಮೇಲೆ ಮನುಷ್ಯಾಕೃತಿ ಬಿಡಿಸಿ, ಹೊಡೆತ ಬೀಳಬೇಕಾದ ಜಾಗಗಳಿಗೆ ಸಂಖ್ಯೆ ಕೊಟ್ಟು, ಸಂಖ್ಯೆಗಳನ್ನು ಕೂಗಿದಂತೆ ಹೊಡೆಯುವ ಅಭ್ಯಾಸ ಮಾಡಿಸಲಾಯಿತು. ಎದುರಾಳಿಯ ಹೆಸರೇ ಆ ಸಾಧನಕ್ಕೆ ‘ವಿಲ್ಲಿ ಬ್ಯಾಗ್’ ಎಂದು ಅಂಟಿಕೊಂಡಿತು. ಟೊರೆಸ್ ಆ ಪಂದ್ಯವನ್ನೂ ಪಟ್ಟವನ್ನೂ ಗೆದ್ದ. ಮುಂದೆ ಮೈಕ್ ಟೈಸನ್ ಕೂಡ ಇದೇ ಸಂಖ್ಯೆಗಳ ಪದ್ಧತಿಯಲ್ಲಿ ಪಳಗಿ 1986ರಲ್ಲಿ, 20ನೆಯ ವಯಸ್ಸಿಗೆ, ಹೆವಿವೇಟ್ ಚಾಂಪಿಯನ್ ಆದ. ಜೊತೆಗಾರರಿಲ್ಲದವರು ಈ ಪದ್ಧತಿಯನ್ನು ಸುಲಭವಾಗಿ ಅಳವಡಿಸಿಕೊಳ್ಳಬಹುದು: ಸಂಖ್ಯೆಗಳನ್ನು ಅಡ್ಡಾದಿಡ್ಡಿ ಅನುಕ್ರಮದಲ್ಲಿ, ಅಸಮಾನ ಅಂತರದಲ್ಲಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬ್ಯಾಗಿನ ಮುಂದೆ ಕೇಳಿಸಿಕೊಳ್ಳುತ್ತ ಹೊಡೆದರೆ ಸಾಕು. ಆದರೆ ಇದು ಕಿವಿಯ ಸುಳಿವು. ರಿಂಗಿನಲ್ಲಿ ಸುಳಿವು ಬರುವುದು ಕಣ್ಣಿಗೆ. ಹೀಗಾಗಿ ಜೊತೆಗಾರನೊಂದಿಗೆ ಹಗುರವಾಗಿ, ಭುಜವನ್ನಷ್ಟೇ ಮುಟ್ಟುವ ಸ್ಪಾರಿಂಗನ್ನು ಯಾವುದೇ ಧ್ವನಿಮುದ್ರಿಕೆ ಪೂರ್ತಿಯಾಗಿ ತುಂಬಿಕೊಡಲಾರದು.

ಬಲದ ಅಭ್ಯಾಸ

ಸ್ನಾಯು ತನ್ನ ಗರಿಷ್ಠ ಬಲವನ್ನು ಮುಟ್ಟಲು ಸಾಮಾನ್ಯವಾಗಿ 0.3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಸಮಯ ಬೇಕು, ಹೊಡೆತವಾದರೋ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಎಷ್ಟು ಭಾರ ಎತ್ತಬಲ್ಲೆ ಎಂಬುದಕ್ಕಿಂತ ಬಲವನ್ನು ಎಷ್ಟು ಬೇಗ ಹೊರತರಬಲ್ಲೆ ಎಂಬುದು ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಆದರೂ ತಳದಲ್ಲಿ ಬಲವೇ ಇಲ್ಲದವನಿಗೆ ಬೇಗ ಹೊರತರಲು ಏನೂ ಇರುವುದಿಲ್ಲ. ಭಾರ ಎತ್ತಿದರೆ ಕೈ ನಿಧಾನವಾಗುತ್ತದೆ ಎಂಬ ಹಳೆಯ ನಂಬಿಕೆ, ದೇಹದಾರ್ಢ್ಯಪಟುಗಳಂತೆ ಸ್ನಾಯು ದಪ್ಪಗಾಗಿಸುವ ದೀರ್ಘ ಸೆಟ್‌ಗಳನ್ನು ಮಾಡಿ ಮರುದಿನ ಗಡಸಾದ ಭುಜಗಳೊಂದಿಗೆ ಜಿಮ್ಮಿಗೆ ಬರುವವರ ಮಟ್ಟಿಗೆ ನಿಜವೇ. ವಾರಕ್ಕೆ ಎರಡು ಬಾರಿ, ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋಯಿಂಗ್ ಇವುಗಳಲ್ಲಿ ಮೂರು ನಾಲ್ಕು ಸೆಟ್, ಒಂದೊಂದರಲ್ಲಿ ಮೂರರಿಂದ ಐದು ಬಾರಿ, ಪ್ರತಿ ಬಾರಿಯೂ ಭಾರವನ್ನು ಸಾಧ್ಯವಾದಷ್ಟು ವೇಗವಾಗಿ ಮೇಲೆತ್ತುವ ಉದ್ದೇಶದಿಂದ ಮಾಡಿದರೆ ಆ ಭಯಕ್ಕೆ ಹೆಚ್ಚು ಕಾರಣವಿಲ್ಲ. ಬೆನ್ನಿನ ಮತ್ತು ಭುಜದ ಹಿಂಭಾಗದ ಸ್ನಾಯುಗಳನ್ನು ಮರೆಯಬಾರದು. ಚಾಚಿದ ಕೈಯನ್ನು ತಡೆದು ಹಿಂದಕ್ಕೆಳೆಯುವವು ಅವೇ, ಅವು ದುರ್ಬಲವಾಗಿದ್ದರೆ ಭುಜದ ಕೀಲನ್ನು ಕಾಪಾಡಲು ದೇಹ ಹೊಡೆತವನ್ನೇ ನಿಧಾನಗೊಳಿಸುತ್ತದೆ.

ಬಲವನ್ನು ವೇಗಕ್ಕೆ ತಿರುಗಿಸುವ ಕೆಲಸಕ್ಕೆ ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡು ಅತ್ಯುತ್ತಮ. ಕೈಯಲ್ಲೇ ಉಳಿಯುವ ತೂಕವನ್ನು ಕೊನೆಯಲ್ಲಿ ನಿಲ್ಲಿಸಲೇಬೇಕಾದ್ದರಿಂದ ದೇಹ ಅರ್ಧದಾರಿಯಲ್ಲೇ ವೇಗ ತಗ್ಗಿಸಲು ತೊಡಗುತ್ತದೆ. ಎಸೆದುಬಿಡುವ ಚೆಂಡಿಗೆ ಆ ತಡೆ ಇಲ್ಲ. 2ರಿಂದ 4 ಕಿಲೋ ತೂಕದ ಚೆಂಡನ್ನು ಬಾಕ್ಸಿಂಗ್ ನಿಲುವಿನಲ್ಲಿ ನಿಂತು ಎದೆಯಿಂದ ನೇರವಾಗಿ ಗೋಡೆಗೆ ಎಸೆಯುವುದು, ಸೊಂಟ ತಿರುಗಿಸಿ ಪಕ್ಕದಿಂದ ಎಸೆಯುವುದು, ಒಂದೇ ಕೈಯಿಂದ ಕ್ರಾಸ್‌ನಂತೆ ತಳ್ಳಿ ಎಸೆಯುವುದು, ತಲಾ ಐದಾರು ಎಸೆತಗಳ ಮೂರು ಸೆಟ್ ಸಾಕು. ಚೆಂಡು ನಿಧಾನವಾಗಿ ಹೋಗುತ್ತಿದೆ ಎನಿಸಿದರೆ ತೂಕ ಹೆಚ್ಚಾಗಿದೆ ಎಂದೇ ತಿಳಿಯಬೇಕು. ಅಂಗೈಗಳು ನೆಲ ಬಿಟ್ಟೇಳುವ ಪುಷ್ ಅಪ್‌ಗಳನ್ನೂ ಇದೇ ಪ್ರಮಾಣದಲ್ಲಿ ಸೇರಿಸಬಹುದು.

ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಹೊಡೆಯುವ ಅಭ್ಯಾಸ) ಮಾಡುವುದು ಬಹಳ ಜನಪ್ರಿಯ, ಆದರೆ ಅದಕ್ಕೆ ಸಿಗುವ ಗೌರವ ಅದರ ಯೋಗ್ಯತೆಗಿಂತ ಹೆಚ್ಚು. ಡಂಬೆಲ್‌ನ ಭಾರ ಕೈಯನ್ನು ಎಳೆಯುವುದು ಕೆಳಕ್ಕೆ, ಹೊಡೆತ ಸಾಗುವುದು ಮುಂದಕ್ಕೆ. ಹಾಗಾಗಿ ದಣಿಯುವುದು ಕೈಯನ್ನು ಎತ್ತಿಹಿಡಿಯುವ ಭುಜ, ಬೆಳೆಯುವುದು ಅದರ ಸಹಿಷ್ಣುತೆ. ಅರ್ಧ ಕಿಲೋದಿಂದ ಒಂದು ಕಿಲೋ ಮೀರದಂತೆ, ಕೈಯನ್ನು ಪೂರ್ತಿ ಝಾಡಿಸದೆ ಒಂದೆರಡು ಸುತ್ತು ಮಾಡಿದರೆ ತೊಂದರೆಯಿಲ್ಲ. ರಬ್ಬರ್ ಬ್ಯಾಂಡ್‌ನ ಎಳೆತ ಸರಿಯಾದ ದಿಕ್ಕಿನಲ್ಲಿದ್ದರೂ ಕೈ ಚಾಚಿದಂತೆ ಅದು ಬಿಗಿಯಾಗುತ್ತ ಹೋಗುವುದರಿಂದ, ಮುಷ್ಟಿ ಅತ್ಯಂತ ವೇಗವಾಗಿರಬೇಕಾದ ಜಾಗದಲ್ಲೇ ನಿಧಾನವಾಗುತ್ತದೆ. ತೆಳುವಾದ ಬ್ಯಾಂಡನ್ನಷ್ಟೇ ಬಳಸಿ, ಅದನ್ನು ಬಿಟ್ಟ ತಕ್ಷಣ ಬರಿಗೈಯಲ್ಲಿ ಅಷ್ಟೇ ಹೊಡೆತಗಳನ್ನು ಹೊಡೆಯಬೇಕು. 16 ಔನ್ಸಿನ ಗ್ಲೌಸ್ ಬಿಚ್ಚಿ 10 ಔನ್ಸಿನದನ್ನು ತೊಟ್ಟಾಗ ಕೈ ಹಾರುತ್ತಿದೆ ಎನಿಸುವುದು ಎಲ್ಲರ ಅನುಭವ, ಆದರೆ ಅನಿಸಿಕೆಯೇ ಅಳತೆಯಲ್ಲ. ಫೋನಿನ ಎಣಿಕೆ ಇಳಿದರೆ ಮಾತ್ರ ಅದನ್ನು ವೇಗ ಎನ್ನಬಹುದು.

ಎಚ್ಚರಿಕೆ ಮತ್ತು ವಾರದ ಹಂಚಿಕೆ

ಗಾಳಿಯಲ್ಲಿ ಪೂರ್ಣ ವೇಗದಿಂದ ಹೊಡೆಯುವಾಗ ಕೈಯನ್ನು ತಡೆಯುವ ಗುರಿ ಇರುವುದಿಲ್ಲವಾದ್ದರಿಂದ ಮೊಣಕೈ ಕೊನೆಯವರೆಗೆ ಝಾಡಿಸಿ ಕೀಲಿಗೆ ಪೆಟ್ಟಾಗುತ್ತದೆ. ಪೂರ್ಣ ಚಾಚಿಗಿಂತ ತುಸು ಮೊದಲೇ ಕೈಯನ್ನು ಮರಳಿಸುವುದನ್ನು ರೂಢಿಸಿಕೊಳ್ಳಬೇಕು. ಮೊಣಕೈಯ ಹಿಂಭಾಗದಲ್ಲಿ ಅಥವಾ ಭುಜದ ಮುಂಭಾಗದಲ್ಲಿ ಚುಚ್ಚುವ ನೋವು ಕಂಡರೆ ಅದು ಮಾಯುವವರೆಗೆ ವೇಗದ ಅಭ್ಯಾಸವನ್ನು ಬಿಡಬೇಕು, ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕು. ಬ್ಯಾಗ್ ಹಗುರವಾಗಿ ಮುಟ್ಟುವ ದಿನವೂ ಮುಷ್ಟಿ ಮತ್ತು ಮಣಿಕಟ್ಟಿಗೆ ಸುತ್ತುವ ಬಟ್ಟೆಪಟ್ಟಿಯಾದ ಹ್ಯಾಂಡ್ ರ‍್ಯಾಪ್ ಕಟ್ಟಿಕೊಳ್ಳದೆ ಗ್ಲೌಸ್ ತೊಡಬಾರದು.

ವಾರದಲ್ಲಿ ಐದು ದಿನ ಅಭ್ಯಾಸ ಮಾಡುವವರು ಎರಡು ದಿನಗಳನ್ನು ವೇಗಕ್ಕೆ ಮೀಸಲಿಡಬಹುದು: ಮೊದಲ ದಿನ ವಾರ್ಮ್ ಅಪ್, ನಿಧಾನ ಶ್ಯಾಡೋ ಬಾಕ್ಸಿಂಗ್, ಚುಟುಕು ವೇಗದ ಸೆಟ್‌ಗಳು, ಬಳಿಕ ಡಬಲ್ ಎಂಡ್ ಬ್ಯಾಗ್, ಮೂರು ದಿನಗಳ ನಂತರ ಅದೇ ಕ್ರಮದಲ್ಲಿ ಬ್ಯಾಗಿನ ಬದಲು ಅನಿರೀಕ್ಷಿತ ಸುಳಿವುಗಳ ಪ್ಯಾಡ್ ಅಭ್ಯಾಸ. ಭಾರ ಎತ್ತುವ ಕೆಲಸವನ್ನು ಆ ಎರಡೂ ದಿನಗಳಲ್ಲೇ ಕೊನೆಗೆ ಮುಗಿಸಿಕೊಂಡರೆ ಮರುದಿನದ ಗಡಸುತನ ವೇಗದ ದಿನಕ್ಕೆ ಅಡ್ಡಬರುವುದಿಲ್ಲ. ಉಳಿದ ದಿನಗಳು ಸ್ಪಾರಿಂಗ್, ಸಹಿಷ್ಣುತೆ ಮತ್ತು ರಕ್ಷಣೆಗೆ ಸಲ್ಲಲಿ. ಪಂದ್ಯ ಹತ್ತಿರವಾದಾಗ ಕೊನೆಯ ವಾರದಲ್ಲಿ ಹೊಡೆತಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ವೇಗವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಬೇಕು. ಭಾರ ಎತ್ತುವುದನ್ನು ಐದಾರು ದಿನ ಮೊದಲೇ ನಿಲ್ಲಿಸಿ, ಪಂದ್ಯಕ್ಕೆ ಎರಡು ದಿನವಿರುವಾಗ ಮೂರು ನಾಲ್ಕು ಚುಟುಕು ಸೆಟ್‌ಗಳನ್ನಷ್ಟೇ ಹೊಡೆದು ಗ್ಲೌಸ್ ಬಿಚ್ಚಬೇಕು.